ರೋಹಿಣಿ ಮಳೆಗೆ ನಿವೃತ್ತಿ

ಸರ್ಕಾರದ ದಾಖಲೆಯ ಪ್ರಕಾರ ನಾನು ಹುಟ್ಟಿದ್ದು 1966ರ ಜೂನ್ 1ರಂದು. ನಮ್ಮೂರಿನ ಶಾಲೆಯಲ್ಲಿ ನನ್ನ ಜೊತೆ ಒಂದನೆಯ ತರಗತಿಗೆ ಸೇರಿದ ಹೆಚ್ಚುಕಡಿಮೆ ಎಲ್ಲರೂ ಜೂನ್ 1ರಂದೇ ಹುಟ್ಟಿದವರು. ತಾರೀಖು ಹೇಳಲು ಬಾರದ ಅಪ್ಪಂದಿರ ಮುಂದೆ ಮೇಷ್ಟ್ರು ಕಂಡುಕೊಂಡಿದ್ದ ಉಪಾಯವದು. ಅಮ್ಮನಿಗೆ ಗೊತ್ತಿದ್ದ ಲೆಕ್ಕವೇ ಬೇರೆ. ಪುನರ್ವಸು ಮಳೆ ಹಿಡಿದು ನಾಲ್ಕನೆಯ ದಿನ, ಕೆಳಗಿನ ಗದ್ದೆಯ ನೆಟ್ಟಿ ಅರ್ಧಕ್ಕೆ ಬಂದಿದ್ದಾಗ, ಅಗೆಯ ಕಟ್ಟು ಹೊತ್ತು ನಿಂತಿದ್ದ ಅವಳಿಗೆ ನೋವು ಬಂತಂತೆ. ಪುನರ್ವಸು ಹಿಡಿಯುವುದು ಜುಲೈ ಮೊದಲ ವಾರದಲ್ಲಿ. ಹಾಗಾಗಿ ನಾನು ನಿಜವಾಗಿ ಅರವತ್ತು ತುಂಬುವ ಮೊದಲೇ ಅರವತ್ತು ತುಂಬಿದವನಾಗಿ ಮನೆಗೆ ಹೋಗಬೇಕಾಗಿದೆ. ಅದೂ ಸಾಲದೆಂಬಂತೆ, ತಿಂಗಳ ಒಂದನೆಯ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮವಿರುವುದರಿಂದ, ನನ್ನ ಕೊನೆಯ ದಿನ ಇದೇ ಮೇ 31. ಆ ದಿನ ಭಾನುವಾರವಾದ್ದರಿಂದ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಕಾರ್ಯಕ್ರಮ ಶನಿವಾರವೇ ಮುಗಿಯುತ್ತದೆ. ಅಮ್ಮನ ಪಂಚಾಂಗದಲ್ಲಿ ಆಗ ನಡೆಯುತ್ತಿರುವುದು ರೋಹಿಣಿ ಮಳೆ.

ನಾನು ರಸ್ತೆ ಕೆಲಸದ ಇಂಜಿನಿಯರ್. ಡಿಪ್ಲೊಮಾ ಮುಗಿಸಿ ಸೇರಿದವನು ಮೂವತ್ತೈದು ವರ್ಷಗಳನ್ನು ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ರಸ್ತೆಗಳ ಮೇಲೆಯೇ ಕಳೆದಿದ್ದೇನೆ. ರಸ್ತೆಯವನಿಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ಜಲ್ಲಿಯನ್ನು ಹಿಡಿದಿಟ್ಟುಕೊಂಡ ಡಾಂಬರಿನ ಪದರಕ್ಕೂ ಕಲ್ಲಿಗೂ ನಡುವೆ ನೀರು ಒಮ್ಮೆ ದಾರಿ ಮಾಡಿಕೊಂಡರೆ ಹಿಡಿತ ಬಿಡುತ್ತದೆ. ಆಮೇಲೆ ಲಾರಿಯ ಒಂದೊಂದು ಗಾಲಿಯೂ ಒಂದೊಂದು ಹಿಡಿ ಜಲ್ಲಿಯನ್ನು ಎತ್ತಿ ಆಚೆ ಎಸೆಯುತ್ತದೆ. ಆದ್ದರಿಂದಲೇ ರಸ್ತೆಯ ಬೆನ್ನನ್ನು ನಡುವೆ ಕೊಂಚ ಉಬ್ಬಿಸಿ ಎರಡೂ ಬದಿಗೆ ನೂರಕ್ಕೆ ಎರಡೂವರೆಯಷ್ಟು ಇಳಿಜಾರು ಕೊಡುತ್ತೇವೆ, ಬದಿಗೆ ಚರಂಡಿ ತೋಡುತ್ತೇವೆ, ಗುಡ್ಡದ ನೀರು ದಾಟಿ ಹೋಗಲು ಅಲ್ಲಲ್ಲಿ ಮೋರಿ ಕಟ್ಟುತ್ತೇವೆ. ಇಷ್ಟೆಲ್ಲ ಮಾಡಿಯೂ ಮಲೆನಾಡಿನ ಆಷಾಢದ ಮುಂದೆ ನಾವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಹೀಗಾಗಿ ನನಗೆ ಋತುಗಳೆಂದರೆ ಕೆಲಸದ ಕಂತುಗಳಾಗಿದ್ದವು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಸಿದ ಧರೆ ಮತ್ತು ಉರುಳಿದ ಮರ, ಅಕ್ಟೋಬರ್‌ನಲ್ಲಿ ಗುಂಡಿ ಮುಚ್ಚುವುದು, ದೀಪಾವಳಿಯಿಂದ ಮೇವರೆಗೆ ಡಾಂಬರು, ಮಾರ್ಚ್‌ನಲ್ಲಿ ಬಿಲ್ಲು. ಮೊದಲ ಮೋಡ ಕಂಡಾಗ ಊರವರೆಲ್ಲ ಹಿಗ್ಗುತ್ತಿದ್ದರೆ ನಾನು ಯಾವ ಕಿಲೋಮೀಟರಿನಲ್ಲಿ ಯಾವ ಮೋರಿ ಕಟ್ಟಿಕೊಳ್ಳುತ್ತದೆಂದು ಎಣಿಸುತ್ತಿದ್ದೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಆ ಎಣಿಕೆಗೇ ನನಗೆ ಸಂಬಳ ಬರುತ್ತಿತ್ತು.

ಕಳೆದ ವರ್ಷ ಮುಂಗಾರು ಮೇ 24ಕ್ಕೇ ಕೇರಳವನ್ನು ಮುಟ್ಟಿತು. ವಾಡಿಕೆಯ ದಿನ ಜೂನ್ 1. ನಮ್ಮ ಕಡೆಗೂ ಅದು ಹೇಳದೆ ಕೇಳದೆ ಬಂದ ನೆಂಟನಂತೆ ನುಗ್ಗಿದ್ದರಿಂದ, ಮೇ ಕೊನೆಯವರೆಗೆ ಕೈಯಲ್ಲಿದೆಯೆಂದುಕೊಂಡಿದ್ದ ಡಾಂಬರು ಕೆಲಸ ಅರ್ಧಕ್ಕೆ ನಿಂತಿತು. ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ಹೊಸನಗರದ ಕಡೆಯ ರಸ್ತೆಯೊಂದರಲ್ಲಿ ಬಿದಿರಿನ ಹಿಂಡಲು ಅಡ್ಡ ಬಿದ್ದಿದೆಯೆಂದು ಜೀಪಿನಲ್ಲಿ ಹೋದೆ. ಗ್ಯಾಂಗಿನವರು ಕತ್ತಿ ಹಿಡಿದು ಕಡಿಯುತ್ತಿದ್ದರು, ಯಂತ್ರದ ಗರಗಸ ತೀರ್ಥಹಳ್ಳಿಯಿಂದ ಬರಬೇಕಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಎರಡು ಗಂಟೆ ಕಾಲ ನನಗೆ ಮಾಡಲು ಏನೂ ಇಲ್ಲದೆ ಹೋಯಿತು. ಮಳೆ ಸ್ವಲ್ಪ ಹೊಳವಾದಾಗ ಜೀಪಿನಿಂದಿಳಿದು ಕಾಲಿನ ಇಂಬಳ ಕೀಳುತ್ತ ತಲೆಯೆತ್ತಿದರೆ, ರಸ್ತೆಯಂಚಿನ ಹಳೆಯ ಮಾವಿನ ಮರದ ಕವಲಿನಿಂದ ಸೀತಾಳೆ ದಂಡೆಗಳು ಇಳಿಬಿದ್ದಿದ್ದವು. ಒಂದೊಂದೂ ಮೊಳದುದ್ದ, ಬಿಳಿಯ ಎಸಳಿನ ಮೇಲೆ ನೇರಳೆ ಚುಕ್ಕೆ, ತುದಿಯಲ್ಲಿ ನೀರಿನ ಹನಿ. ಬಾಲ್ಯದಲ್ಲಿ ಅಕ್ಕನ ಜಡೆಯಲ್ಲಿ ನೋಡಿದ್ದು ಬಿಟ್ಟರೆ ಆ ಹೂವನ್ನು ನಾನು ಮತ್ತೆ ನೋಡಿದ್ದೇ ಇಲ್ಲವೆಂದು ಆಗ ಹೊಳೆಯಿತು. ಅದೇ ರಸ್ತೆಯಲ್ಲಿ ನಾನು ಇನ್ನೂರು ಸಲವಾದರೂ ಓಡಾಡಿದ್ದೆ.

ಹೂವಿನಿಂದ ಕಣ್ಣು ಕೆಳಗಿಳಿಸಿದಾಗ ಕಾಂಡದ ಮೇಲೆ ಹಳದಿ ಬಣ್ಣದಲ್ಲಿ ಬರೆದ ಸಂಖ್ಯೆ ಕಂಡಿತು. ರಸ್ತೆ ಅಗಲೀಕರಣಕ್ಕಾಗಿ ತೆಗೆಯಬೇಕಾದ ಮರಗಳ ಪಟ್ಟಿಯ ಸಂಖ್ಯೆಯದು; ಪಟ್ಟಿಯ ಕೆಳಗಿದ್ದ ಸಹಿಗಳಲ್ಲಿ ನನ್ನದೂ ಒಂದು. ಆ ಪಟ್ಟಿಯಲ್ಲಿ ಮರದ ಜಾತಿ, ಸುತ್ತಳತೆ, ರಸ್ತೆಯ ನಡುಗೆರೆಯಿಂದ ಇರುವ ದೂರ ಎಂಬ ಕಾಲಂಗಳಿದ್ದವು. ಸೀತಾಳೆಗೆ ಕಾಲಂ ಇರಲಿಲ್ಲ.

ಅಂದು ರಾತ್ರಿ ಅಮ್ಮ ಫೋನಿನಲ್ಲಿ ತನ್ನ ಎಂದಿನ ಪ್ರಶ್ನೆ ಕೇಳಿದಳು: “ಯಾವ ಮಳೆ ನಡೀತಿದೆ, ಗೊತ್ತೇನೋ?” ನಾನು ಎಂದಿನಂತೆ “ಎಂಥದೋ ಒಂದು, ರಸ್ತೆಯಂತೂ ಹಾಳು ಮಾಡ್ತಿದೆ” ಎನ್ನಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿ ರೋಹಿಣಿ ಮುಗಿದು ಮೃಗಶಿರ ಹಿಡಿಯುತ್ತಿದೆಯೆಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಮಗ ಪರೀಕ್ಷೆ ಪಾಸಾದಾಗಲೂ ಅಷ್ಟು ಆಗಿರಲಿಲ್ಲವೇನೋ. ಅಂದಿನಿಂದ ಕಚೇರಿಯ ಡೈರಿಯ ಮೂಲೆಯಲ್ಲಿ ಮಳೆಯ ಹೆಸರು ಬರೆಯತೊಡಗಿದೆ. ಸೂರ್ಯ ಒಂದು ನಕ್ಷತ್ರವನ್ನು ದಾಟಲು ತೆಗೆದುಕೊಳ್ಳುವುದು ಹದಿಮೂರು ಹದಿನಾಲ್ಕು ದಿನ. ಅಷ್ಟು ದಿನಕ್ಕೊಂದು ಹೆಸರು, ಹೆಸರಿಗೊಂದು ಗುಣ, ಗುಣಕ್ಕೊಂದು ಗಾದೆ. ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಎನ್ನುವುದನ್ನು ಶಬ್ದಚಮತ್ಕಾರವೆಂದುಕೊಂಡಿದ್ದವನಿಗೆ, ಜೂನ್ ಕೊನೆಯ ವಾರದಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಒಲೆಯ ಮೇಲಿನ ತಂತಿಗೆ ಹೋದಾಗ ಅದರ ಅರ್ಥ ಮೈಗೇ ತಿಳಿಯಿತು. ವಿಚಿತ್ರವೆಂದರೆ ಆ ವರ್ಷವೂ ರಸ್ತೆಗಳು ಎಂದಿನಷ್ಟೇ ಹಾಳಾದವು, ನನ್ನ ಕೆಲಸ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಹೆಸರು ಹಿಡಿದು ಕರೆದ ಮೇಲೆ ಮಳೆಯೊಡನೆ ಜಗಳ ಮಾತ್ರ ಮೊದಲಿನಂತೆ ನಡೆಯಲಿಲ್ಲ.

ಈ ಜಿಲ್ಲೆಯ ಮಳೆಯ ಬಗ್ಗೆ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಶಿವಮೊಗ್ಗ ನಗರದಲ್ಲಿ ವರ್ಷಕ್ಕೆ ಬೀಳುವುದು ಒಂದು ಸಾವಿರ ಮಿಲಿಮೀಟರಿನ ಆಸುಪಾಸು. ನೂರು ಕಿಲೋಮೀಟರಿಗಿಂತ ಕಡಿಮೆ ದೂರದ ಆಗುಂಬೆಯಲ್ಲಿ ಸರಾಸರಿ ಏಳು ಸಾವಿರವನ್ನೂ ಮೀರುತ್ತದೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತ ತಣ್ಣಗಾಗಿ ಅಲ್ಲೇ ಹೊರೆ ಇಳಿಸುತ್ತದೆ. ನಮ್ಮ ಪೇಟೆಯವರೆಗೆ ಬರುವುದು ಉಳಿದದ್ದು. ಸೋಮೇಶ್ವರದ ಕಡೆಗೆ ಇಳಿಯುವ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ನಾನು ಅನೇಕ ಮಳೆಗಾಲ ನಿಂತಿದ್ದೇನೆ, ಆದರೆ ನಿಂತದ್ದೆಲ್ಲ ಧರೆಯ ಕಡೆ ಮುಖ ಮಾಡಿ, ಎಲ್ಲಿ ಬಿರುಕು ಬಿಟ್ಟಿದೆಯೆಂದು ನೋಡುತ್ತ. ಕಳೆದ ಜುಲೈಯಲ್ಲಿ ಬೇರೆ ಕೆಲಸದ ಮೇಲೆ ಹೋದಾಗ ಮೊದಲ ಬಾರಿಗೆ ಕಣಿವೆಯ ಕಡೆ ತಿರುಗಿ ನಿಂತೆ. ಕಾಣಿಸಿದ್ದು ಏನೂ ಇಲ್ಲ, ಬರೀ ಬಿಳಿ. ಆ ಬಿಳಿಯೊಳಗಿನಿಂದ ನೀರು ಬೀಳುವ ಹತ್ತಾರು ಬಗೆಯ ಸದ್ದು ಬರುತ್ತಿತ್ತು: ಬಂಡೆಯ ಮೇಲಿನದು, ಎಲೆಯ ಮೇಲಿನದು, ನೀರಿನ ಮೇಲೆಯೇ ಬೀಳುವ ನೀರಿನದು, ಎಲ್ಲೋ ಆಳದಲ್ಲಿ ಒಂದೇ ಸಮನೆ ಗುಡುಗುತ್ತಿದ್ದ ಹೆಸರಿಲ್ಲದ ಹಳ್ಳದ್ದು. ಪಕ್ಕದಲ್ಲಿದ್ದ ಗ್ಯಾಂಗಿನ ಹಿರಿಯ ಮೇಸ್ತ್ರಿ, “ಎಂಥ ನೋಡ್ತಿದ್ದೀರಿ ಸಾರ್, ಜರಿದಿದೆಯಾ?” ಎಂದು ಗಾಬರಿಯಿಂದ ಕೇಳಿದರು. ಇಲ್ಲ ಮಾರಾಯ್ರೇ, ಸುಮ್ಮನೆ ನೋಡುತ್ತಿದ್ದೇನೆ ಎಂದರೆ ಅವರು ನಂಬಲಿಲ್ಲ. ಐದು ನಿಮಿಷ ತಾವೂ ಬಗ್ಗಿ ಬಗ್ಗಿ ಬಿರುಕು ಹುಡುಕಿದರು.

ಮಂಡಗದ್ದೆಯ ಹಕ್ಕಿಗಳದೂ ಇದೇ ಕಥೆ. ತೀರ್ಥಹಳ್ಳಿ ರಸ್ತೆಯ ಬದಿಯಲ್ಲೇ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ, ಮಳೆಗಾಲದಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಹಾವಕ್ಕಿಗಳೂ ಗೂಡು ಕಟ್ಟುತ್ತವೆ. ಹೊಳೆ ಮರದ ಕೊರಳವರೆಗೆ ಏರಿದರೂ ಅವು ಕದಲುವುದಿಲ್ಲ. ತುಂಬಿದ ಹೊಳೆಯೇ ಅವಕ್ಕೆ ಕಾವಲು. ಇನ್ನು ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಮಂಟಪ ಮುಳುಗಿತೆಂದರೆ ಊರಿಗೆ ಊರೇ ನೋಡಲು ಹೋಗುತ್ತದೆ. ನಾನು ಮಂಟಪ ಮುಳುಗಿದೆಯೆಂದು ಕೇಳಿದಾಗಲೆಲ್ಲ ಮೇಲ್ಭಾಗದ ಸೇತುವೆಗಳಿಗೆ ಫೋನು ಹಚ್ಚುತ್ತಿದ್ದವನು, ಕಳೆದ ಮಳೆಗಾಲದಲ್ಲಿ ಹೆಂಡತಿಯೊಡನೆ ಕೊಡೆ ಹಿಡಿದು ಹೋಗಿ ಜನರ ನಡುವೆ ನಿಂತು, ಸುಟ್ಟ ಜೋಳ ತಿಂದು, ಬೂದುಗೆಂಪು ನೀರನ್ನು ನೋಡಿ ಬಂದೆ. ಫೋನು ಆಮೇಲೆ ಹಚ್ಚಿದೆ.

ಭೂಮಿ ಹುಣ್ಣಿಮೆಗೆ ನಾನು ಊರಿಗೆ ಹೋಗದೆ ಹತ್ತೊಂಬತ್ತು ವರ್ಷವಾಗಿತ್ತು. ಅಕ್ಟೋಬರ್ ಎಂದರೆ ಗುಂಡಿ ಮುಚ್ಚುವ ಕಾಲ, ಪತ್ರಿಕೆಗಳಲ್ಲಿ ಫೋಟೊ ಬರುವ ಕಾಲ, ಮೇಲಿನವರು ಫೋನು ಮಾಡುವ ಕಾಲ. ಈ ಸಲ ಹಟ ಹಿಡಿದು ಎರಡು ದಿನದ ರಜೆ ಹಾಕಿದೆ. ಗದ್ದೆಯ ಭತ್ತ ಹೊಡೆ ತುಂಬಿ ನಿಲ್ಲುವ ಆ ಹೊತ್ತಿಗೆ ಭೂಮಿಯನ್ನು ತುಂಬು ಬಸುರಿಯೆಂದು ಭಾವಿಸಿ, ಬಸುರಿಗೆ ಬಯಕೆಯ ಊಟ ಬಡಿಸುವಂತೆ ಅವಳಿಗೂ ಬಡಿಸುವ ಹಬ್ಬವಿದು. ವಾರದ ಮೊದಲೇ ಅತ್ತಿಗೆ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆದಿಟ್ಟಿದ್ದಳು. ಹಿಂದಿನ ರಾತ್ರಿ ಯಾರೂ ಮಲಗಲಿಲ್ಲ. ಬೇಲಿ, ಹಿತ್ತಲು, ಹಾಡ್ಯಗಳಿಂದ ತಂದ ಬಗೆಬಗೆಯ ಸೊಪ್ಪಿನ ಕುಡಿಗಳು ಒಂದು ದೊಡ್ಡ ಪಾತ್ರೆಯಲ್ಲಿ ಬೇಯುತ್ತಿದ್ದವು, ಸೌತೆಕಾಯಿಯ ಕಡುಬು ಹಬೆಯಾಡುತ್ತಿತ್ತು, ಅಮ್ಮ ಕುರ್ಚಿಯಲ್ಲಿ ಕೂತು ಯಾವ ಸೊಪ್ಪು ಬಿಟ್ಟುಹೋಗಿದೆಯೆಂದು ಕೈಬೆರಳು ಮಡಚಿ ಎಣಿಸುತ್ತಿದ್ದಳು.

ಬೆಳಗಿನ ಜಾವ ಸೂಡಿ ಹಿಡಿದು ತಮ್ಮನ ಹಿಂದೆ ಗದ್ದೆಯಂಚಿನಲ್ಲಿ ನಡೆದೆ. ನನ್ನ ಎಡಮಂಡಿ ಎರಡು ವರ್ಷದಿಂದ ಸರಿಯಿಲ್ಲ. ಜಾರುವ ಬದುವಿನ ಮೇಲೆ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡಬೇಕಾಗಿತ್ತು. ತಮ್ಮ ಚರಗವನ್ನು ಬೀರುತ್ತ, ಭೂಮಿತಾಯಿ ಉಂಡು ಹೋಗಲಿ ಎಂದು ಕತ್ತಲಿಗೆ ಕೂಗಿ ಹೇಳುತ್ತಿದ್ದ. ಆಚೆಯ ಗದ್ದೆಯಿಂದ, ಅದರಾಚೆಯ ತೋಟದಿಂದ, ಕಾಣದ ಬೇರೆ ಬೇರೆ ದನಿಗಳು ಅದನ್ನೇ ಕೂಗುತ್ತಿದ್ದವು. ಬೆಳಕು ಹರಿದ ಮೇಲೆ ಹೆಂಗಸರು ಬಂದು ಭತ್ತದ ಒಂದು ಬುಡಕ್ಕೆ ಕರಿಮಣಿ ಸರ ತೊಡಿಸಿ ಪೂಜೆ ಮಾಡಿದರು. ಕಾಗೆಗೆ ಎಡೆಯಿಟ್ಟು, ಬಾಳೆಲೆ ಹಾಸಿ, ಎಲ್ಲರೂ ಗದ್ದೆಯಂಚಿನಲ್ಲೇ ಉಂಡೆವು. ಉಣ್ಣುತ್ತ ಉಣ್ಣುತ್ತ ನನಗೆ ಹೊಳೆದದ್ದು ತೀರಾ ಸಣ್ಣ ಸಂಗತಿ: ಈ ಹಬ್ಬ ನಡೆಯುವುದು ಫಸಲು ಬಂದ ಮೇಲಲ್ಲ. ತೆನೆ ಇನ್ನೂ ಹೊರಗೆ ಬಂದಿಲ್ಲ, ಹಂದಿ ನುಗ್ಗಬಹುದು, ಚಿತ್ತಾ ಮಳೆ ಹೊಡೆದು ಮಲಗಿಸಬಹುದು. ಎಷ್ಟು ಖಂಡುಗವೆಂದು ಯಾರಿಗೂ ಗೊತ್ತಿಲ್ಲದಾಗಲೇ ಊಟ ಬಡಿಸಿ ಮುಗಿಸುತ್ತಾರೆ. ನಾನೋ ಮಗಳ ಮದುವೆ, ಮನೆಯ ಸಾಲ, ಕೊನೆಯ ಬಡ್ತಿ ಎಂದು ಒಂದೊಂದೇ ರಾಶಿ ಮನೆಗೆ ಬಂದ ಮೇಲೆ ಹಬ್ಬವೆಂದು ಮುಂದೂಡುತ್ತ ಬಂದಿದ್ದೆ. ಬಡ್ತಿಯಂತೂ ಕೊನೆಗೂ ಬರಲಿಲ್ಲ.

ಚಳಿಗಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊನೆ ತೆಗೆಯುವ ಕಾಲದಲ್ಲಿ ನಾಲ್ಕು ಭಾನುವಾರ ತಮ್ಮನ ಮನೆಯಲ್ಲಿ ಅಡಿಕೆ ಸುಲಿದೆ. ರಾತ್ರಿ ಹನ್ನೊಂದರವರೆಗೆ ಸಾಲಾಗಿ ಕೂತು ಕತ್ತಿಮಣೆಯ ಮೇಲೆ ಸುಲಿಯುವವರ ಮಾತು, ಚೊಗರಿನಲ್ಲಿ ಬೇಯುವ ಅಡಿಕೆಯ ಒಗರು ವಾಸನೆ, ಅಂಗಳದ ಚಪ್ಪರ, ಇಷ್ಟು ಸಾಕು. ಕೊಳೆರೋಗದಿಂದ ತೋಟದ ಮೂರನೆಯ ಒಂದು ಪಾಲು ಹೋಗಿತ್ತು. ಮೈಲುತುತ್ತ ಮತ್ತು ಸುಣ್ಣವನ್ನು ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬಿಸಿಲಿನ ಒಂದು ಬಿಡುವು ಬೇಕು. ಕಳೆದ ವರ್ಷ ಆ ಬಿಡುವು ಸಿಗಲಿಲ್ಲ. ಹೂ, ಹಕ್ಕಿ, ಮಂಜು ಎಂದು ಬರೆಯುವಾಗ ತಮ್ಮನ ಮುಖ ನೆನಪಾಗಿ ಕೈ ತಡೆಯುತ್ತದೆ. ಮಳೆಯನ್ನು ಸುಮ್ಮನೆ ನೋಡುವ ಭಾಗ್ಯ ತಿಂಗಳ ಸಂಬಳ ಬರುವವನದು.

ಸಂಬಳದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ನಾನು 2006ರ ಏಪ್ರಿಲ್‌ಗೆ ಮೊದಲೇ ಸೇವೆಗೆ ಸೇರಿದವನಾದ್ದರಿಂದ ನನಗೆ ನಿಶ್ಚಿತ ಪಿಂಚಣಿಯಿದೆ, ಮುನ್ನೂರು ದಿನಗಳ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳಬಹುದು. ನನ್ನ ಈ ಸಮಾಧಾನದ ತಳಪಾಯದಲ್ಲಿ ಆ ಪಿಂಚಣಿಯ ಕಾಂಕ್ರೀಟು ಎಷ್ಟಿದೆಯೆಂದು ನನಗೆ ಚೆನ್ನಾಗಿ ಗೊತ್ತು. ಹಾಗಿದ್ದೂ ಭಯವಿಲ್ಲವೆಂದಲ್ಲ. ವರ್ಷಗಟ್ಟಲೆ ಬೆಳಿಗ್ಗೆ ಏಳಕ್ಕೇ ಬಾಗಿಲಿಗೆ ಬರುತ್ತಿದ್ದ ಜೀಪು ಬರದ ಸೋಮವಾರವನ್ನು ನೆನೆದು ಕೆಲವು ರಾತ್ರಿ ಎಚ್ಚರವಾಗುತ್ತದೆ. ಶಾಲೆಯಲ್ಲಿ ಇನ್ನೂ ಎರಡು ವರ್ಷ ಸೇವೆಯಿರುವ ಹೆಂಡತಿ, “ನೀವು ಮನೇಲಿ ಕೂತು ಚರಂಡಿ ಇಳಿಜಾರು ಸರಿಯಿಲ್ಲ ಅಂತ ಬಚ್ಚಲು ಅಗೆಸಬೇಡಿ ಮಾರಾಯ್ರೇ” ಎಂದು ಈಗಲೇ ಎಚ್ಚರಿಸಿದ್ದಾಳೆ. ಬಚ್ಚಲಿನ ಇಳಿಜಾರು ನಿಜಕ್ಕೂ ಸರಿಯಿಲ್ಲ.

ಸಿಗಂದೂರಿಗೆ ಹೋದದ್ದು ಜನವರಿಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದ ಮೇಲೆ ಶರಾವತಿಯ ಹಿನ್ನೀರು ಹರಡಿ ಕರೂರು, ತುಮರಿ ಕಡೆಯ ಜನ ಸಾಗರದಿಂದ ಬೇರ್ಪಟ್ಟರು. ಆಸ್ಪತ್ರೆಗೂ ಬಾಣಂತಿಗೂ ಹೆಣಕ್ಕೂ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ 2025ರ ಜುಲೈಯಲ್ಲಿ ಉದ್ಘಾಟನೆಯಾಯಿತು. ವೃತ್ತಿಯಿಂದ ನಾನು ಸೇತುವೆಯ ಪಕ್ಷದವನು. ಮೇಲಿನ ಕೇಬಲ್ಲುಗಳನ್ನೂ ಕಂಬಗಳನ್ನೂ ನೋಡುತ್ತ ಕಾರು ನಿಲ್ಲಿಸಿ ಹೆಂಡತಿಗೆ ಅರ್ಧ ಗಂಟೆ ಪಾಠ ಮಾಡಿದೆ. ಆದರೆ ದಾಟಿ ಮುಗಿದದ್ದು ಐದು ನಿಮಿಷದಲ್ಲಿ. ಹಿಂದೆ ಲಾಂಚಿಗಾಗಿ ಕಾಯುವಾಗ ದಡದಲ್ಲಿ ಕೂತು ನೀರಿನಿಂದ ತಲೆಯೆತ್ತಿದ ಒಣಮರದ ಬೊಡ್ಡೆಗಳನ್ನು ಎಣಿಸುತ್ತಿದ್ದುದು, ಲಾಂಚಿನ ಕಬ್ಬಿಣದ ತಟ್ಟೆಯ ಮೇಲೆ ಬಸ್ಸು, ಬೈಕು, ಹಾಲಿನ ಕ್ಯಾನು, ಮದುವೆ ದಿಬ್ಬಣ ಎಲ್ಲವೂ ಒಟ್ಟಿಗೆ ತೇಲುತ್ತಿದ್ದುದು ನೆನಪಾಯಿತು. ಆ ಕಾಯುವಿಕೆಯನ್ನು ಹಂಬಲಿಸುವ ಹಕ್ಕು ಅಲ್ಲಿ ಹೆರಿಗೆ ನೋವಿನಲ್ಲಿ ಕಾದವರಿಗಿಲ್ಲದಿದ್ದರೆ ನನಗಂತೂ ಇಲ್ಲ. ಆದರೂ ಹಿಂದಿರುಗುವಾಗ ಸೇತುವೆಯ ಆಚೆ ತುದಿಯಲ್ಲಿ ಕಾರು ನಿಲ್ಲಿಸಿ, ಯಾವ ಕಾರಣವೂ ಇಲ್ಲದೆ, ಹಳೆಯ ಲಾಂಚಿನ ಹೊತ್ತಿನಷ್ಟು ಕೂತೆವು. ಬೆಳ್ಳಕ್ಕಿಗಳ ಒಂದು ಸಾಲು ನೀರಿಗೆ ತಾಗುವಷ್ಟು ಕೆಳಗೆ ಹಾರಿಹೋಯಿತು.

ಮಾರ್ಚ್ ನನ್ನ ಪಾಲಿಗೆ ಸದಾ ಕಿಟಕಿಯಿಲ್ಲದ ತಿಂಗಳು. ಅಳತೆ ಪುಸ್ತಕ, ಬಿಲ್ಲು, ಗುತ್ತಿಗೆದಾರರ ಮುಖ, 31ರ ಮಧ್ಯರಾತ್ರಿಯ ಕಂಪ್ಯೂಟರು. ಮಲೆನಾಡಿಗೆ ವಸಂತ ಬರುವುದೂ ಆಗಲೇ ಎಂಬುದನ್ನು ಈ ಮಾರ್ಚಿನಲ್ಲಿ ಕಂಡೆ. ಮಳೆಗಾಲದ ಹಸಿರನ್ನು ಹೊಗಳುವವರು ಬಹಳ. ನನ್ನನ್ನು ಕೇಳಿದರೆ ಈ ಕಾಡು ತನ್ನ ನಿಜವಾದ ಬಣ್ಣ ತೋರಿಸುವುದು ಬಿಸಿಲು ಏರುವಾಗ. ನಾಗಸಂಪಿಗೆಯ ಚಿಗುರು ಎಲೆಯೆಂದು ನಂಬಲಾಗದಷ್ಟು ಕೆಂಪಾಗಿ ಜೋತು ಬೀಳುತ್ತದೆ, ಭದ್ರಾವತಿ ಕಡೆಯ ಕುರುಚಲಿನಲ್ಲಿ ಎಲೆಯೇ ಇಲ್ಲದ ಮುತ್ತುಗ ಉರಿಯುತ್ತದೆ, ಒಂದು ಹೂಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ಕೊಪ್ಪದ ಕಡೆ ಕಾಫಿ ಗಿಡಗಳು ಬೆಳ್ಳಗಾಗಿ ರಸ್ತೆಯೆಲ್ಲ ಘಮಘಮಿಸುತ್ತದೆ. ಬಿಲ್ಲುಗಳನ್ನು ಈ ಸಲವೂ ರಾತ್ರಿ ಕೂತು ಮುಗಿಸಿದೆ. ಹಗಲಿನ ಒಂದು ಗಂಟೆಯನ್ನು ಮಾತ್ರ ಕದ್ದೆ.

ಹೋದ ವಾರ, ಕೃತ್ತಿಕಾ ಮಳೆಯ ಎರಡು ಜೋರು ಸಂಜೆಗಳಾದ ಮೇಲೆ, ನನ್ನ ಜಾಗಕ್ಕೆ ಬರುವ ಹುಡುಗನನ್ನು ಕರೆದುಕೊಂಡು ಹೊಸನಗರದ ಕಡೆಯ ಆ ರಸ್ತೆಗೆ ಹೋಗಿದ್ದೆ. ಬಯಲುಸೀಮೆಯವನು, ಇಪ್ಪತ್ತೆಂಟು ವಯಸ್ಸು, ಕೈಯಲ್ಲಿ ಹೊಸ ನೋಟ್‌ಬುಕ್ಕು. ಯಾವ ಮೋರಿಯ ಬಾಯಿಗೆ ಮತ್ತಿಯೆಲೆ ಬಂದು ಕಟ್ಟಿಕೊಳ್ಳುತ್ತದೆ, ಯಾವ ತಿರುವಿನಲ್ಲಿ ಧರೆಯ ಒಳಗೆ ಜಲವಿದೆ, ಯಾವ ಹಳ್ಳ ಮಳೆ ನಿಂತು ಎರಡು ಗಂಟೆಯಾದ ಮೇಲೆ ಏರುತ್ತದೆ ಎಂಬುದನ್ನೆಲ್ಲ ಇಳಿದಿಳಿದು ತೋರಿಸಿದೆ. ಕಡತದಲ್ಲಿಲ್ಲದ ಈ ಲೆಕ್ಕಗಳನ್ನು ಒಪ್ಪಿಸದೆ ಚಾರ್ಜು ಒಪ್ಪಿಸಿದಂತಾಗುವುದಿಲ್ಲ. ಮಾವಿನ ಮರದ ಹತ್ತಿರ ಬಂದಾಗ ಅವನೇ ನಿಂತ. “ಈ ನಂಬರ್ ಇರೋ ಮರಗಳ ಕೆಲಸ ಯಾವಾಗ ಶುರುವಾಗುತ್ತೆ ಸರ್?” ಎಂದು ಕೇಳಿದ. ಮಂಜೂರಾತಿ ಬಂದಿಲ್ಲ, ಬಂದರೆ ನಿನ್ನ ಕಾಲದಲ್ಲೇ ಬರುತ್ತದೆ ಎಂದೆ. ಉಳಿಸು ಎನ್ನಲಿಲ್ಲ, ಪಟ್ಟಿಗೆ ಸಹಿ ಹಾಕಿದವನು ನಾನು, ಹಾಗೆನ್ನಲು ಬಾಯಿ ಬರಲಿಲ್ಲ. ಮೇಲಿನ ಕವಲಿನತ್ತ ಕೈ ತೋರಿಸಿ, ಎಲೆಗಳ ನಡುವೆ ಆಗಷ್ಟೇ ಇಣುಕಿದ್ದ ಮೊಗ್ಗಿನ ತುದಿಗಳನ್ನು ಕಾಣಿಸಿದೆ. ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, ಹೆಸರು ಕೇಳಿ, ನೋಟ್‌ಬುಕ್ ತೆರೆದ. ಪಕ್ಕದಲ್ಲಿ ನಿಂತಿದ್ದರಿಂದ ನನಗೆ ಕಾಣಿಸಿತು. ಎರಡು ಮೋರಿಗಳ ನಡುವಿನ ಸಾಲಿನಲ್ಲಿ, ಕಿಲೋಮೀಟರ್ ಕಲ್ಲಿನ ಸಂಖ್ಯೆಯ ಮುಂದೆ, ಅವನು ಬರೆದುಕೊಂಡ: ‘ಎಡಬದಿ, ಮಾವಿನ ಮರ, ಸೀತಾಳೆ, ಜೂನ್ ಮೊದಲ ವಾರ.’